ಐದು ವಾರಗಳ ಕತ್ತಲೆ ಮತ್ತು ಒಂದು ಸುರಂಗ

ದೀಪ ಉರಿಯುತ್ತಿರುವ ತನಕ ತಂತಿಯ ನೆನಪು ಯಾರಿಗೂ ಬಾರದು. ನ್ಯೂಜಿಲೆಂಡಿನ ದೊಡ್ಡ ನಗರವಾದ ಆಕ್ಲೆಂಡ್ ಈ ಪಾಠವನ್ನು 1998ರಲ್ಲಿ ಬಹಳ ಕಷ್ಟದಿಂದ ಕಲಿಯಿತು.

ಆ ನಗರದ ಕೇಂದ್ರಭಾಗಕ್ಕೆ 110 ಕಿಲೋವೋಲ್ಟಿನ ನಾಲ್ಕು ಭೂಗತ ಕೇಬಲ್‌ಗಳು ವಿದ್ಯುತ್ತನ್ನು ಒಯ್ಯುತ್ತಿದ್ದವು. ಎರಡರಲ್ಲಿ ಅನಿಲ, ಇನ್ನೆರಡರಲ್ಲಿ ಎಣ್ಣೆ ತುಂಬಿತ್ತು. ನಾಲ್ಕಿವೆಯಲ್ಲ, ಒಂದು ಕೆಟ್ಟರೂ ಉಳಿದವು ಸಾಕು ಎಂಬ ಧೈರ್ಯ ಸಹಜವೇ.

ಹಿಂದೆ ತರಗತಿಯಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ನೆನಪಿಸಿಕೊಳ್ಳಿ. ತಂತಿಯಲ್ಲಿ ವಿದ್ಯುತ್ ಹರಿದಾಗ ಶಾಖ ಹುಟ್ಟುತ್ತದೆ. ಹೂತಿಟ್ಟ ಕೇಬಲಿನ ಶಾಖವನ್ನು ಸುತ್ತಲಿನ ಮಣ್ಣೇ ಹೀರಿಕೊಳ್ಳಬೇಕು. ತೇವವಿರುವ ಮಣ್ಣು ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಒಣಗಿದ ಮಣ್ಣು ಕಂಬಳಿಯಂತೆ ಶಾಖವನ್ನು ಒಳಗೇ ಹಿಡಿದಿಡುತ್ತದೆ. ದಕ್ಷಿಣಾರ್ಧಗೋಳದಲ್ಲಿ ಜನವರಿ, ಫೆಬ್ರವರಿ ಬೇಸಿಗೆಯ ತಿಂಗಳುಗಳು. ಆ ವರ್ಷದ ಬೇಸಿಗೆ ಅಲ್ಲಿ ಅಸಾಧಾರಣವಾಗಿ ಬಿಸಿಯಾಗಿಯೂ ಒಣದಾಗಿಯೂ ಇತ್ತು.

ಜನವರಿಯಲ್ಲಿ ಅನಿಲದ ಒಂದು ಕೇಬಲ್ ಕೆಟ್ಟಿತು, ಫೆಬ್ರವರಿ 9ರಂದು ಇನ್ನೊಂದು. ಅವುಗಳ ಹೊರೆಯೆಲ್ಲ ಉಳಿದೆರಡರ ಮೇಲೆ ಬಿತ್ತು. ಫೆಬ್ರವರಿ 19 ಮತ್ತು 20ರಂದು ಅವೂ ಸೋತವು. ನಗರದ ಹೃದಯಭಾಗ ಕತ್ತಲಾಯಿತು.

ಆ ಸಂಕಟ ಐದು ವಾರ ನಡೆಯಿತು. ಅಲ್ಲಿ ದುಡಿಯುತ್ತಿದ್ದ ಸುಮಾರು 74,000 ಜನರಲ್ಲಿ 60,000ದಷ್ಟು ಮಂದಿ ಮನೆಯಿಂದಲೋ ಬೇರೆಡೆಯಿಂದಲೋ ಕೆಲಸ ಮಾಡಬೇಕಾಯಿತು. ಬಹುಮಹಡಿ ಮನೆಗಳಲ್ಲಿದ್ದ ಸುಮಾರು 6,000 ನಿವಾಸಿಗಳಲ್ಲಿ ಹೆಚ್ಚಿನವರು ಬೇರೆ ಆಸರೆ ಹುಡುಕಿದರು. ಬಂದರಿನಲ್ಲಿ ನಿಂತ ಹಡಗೊಂದರಿಂದಲೂ ನಗರಕ್ಕೆ ವಿದ್ಯುತ್ ಪಡೆದದ್ದುಂಟು. ಕೊನೆಗೆ ರೈಲು ಹಳಿಯ ಬದಿಯಲ್ಲಿ ತುರ್ತಾಗಿ ಎಳೆದ ತಾತ್ಕಾಲಿಕ ತಂತಿಮಾರ್ಗದಿಂದ ಬೆಳಕು ಮರಳಿತು.

ಶಾಶ್ವತ ಪರಿಹಾರವಾಗಿ ಪೆನ್ರೋಸ್ ಉಪಕೇಂದ್ರದಿಂದ ನಗರದ ಹಾಬ್ಸನ್ ಬೀದಿಯವರೆಗೆ 9.2 ಕಿಲೋಮೀಟರ್ ಉದ್ದದ ಸುರಂಗವನ್ನು ಕೊರೆದರು. 2001ರ ಹೊತ್ತಿಗೆ ಅದು ಸಿದ್ಧವಾಗಿತ್ತು. ಸುರಂಗದಲ್ಲಿ ಕೇಬಲ್ಲನ್ನು ಮಣ್ಣು ಮುಚ್ಚಿರುವುದಿಲ್ಲ. ಗಾಳಿಯಾಡಿಸಿ ಶಾಖವನ್ನು ಹೊರಗೆ ಕಳುಹಿಸಬಹುದು. ದೋಷ ಕಂಡರೆ ರಸ್ತೆ ಅಗೆಯದೆ ಮನುಷ್ಯನೇ ಒಳಹೊಕ್ಕು ನೋಡಬಹುದು.

ನನ್ನ ಶಿಷ್ಯರಲ್ಲಿ ಎಂಜಿನಿಯರುಗಳಾದವರು ಹಲವರಿದ್ದೀರಿ. ನಿಮ್ಮಲ್ಲಿ ನನ್ನ ಮಾತು ಇಷ್ಟೇ: ನಾಲ್ಕು ಆಸರೆಗಳಿದ್ದರೆ ಸಾಲದು, ಒಂದು ಬಿದ್ದ ದಿನ ಮಿಕ್ಕವು ಆ ಭಾರವನ್ನು ಹೊರಬಲ್ಲವೇ ಎಂಬುದನ್ನು ಮೊದಲೇ ಪರೀಕ್ಷಿಸಿರಬೇಕು. ಕಣ್ಣಿಗೆ ಕಾಣದ ನೆಲದಡಿಯ ಕೆಲಸಕ್ಕೆ ಹೊಗಳಿಕೆ ದೊರೆಯುವುದಿಲ್ಲ. ಅದನ್ನು ಅಲಕ್ಷಿಸಿದರೆ ತೆರಬೇಕಾದ ಬೆಲೆ ಮಾತ್ರ ಊರಿಗೆಲ್ಲ ಕಾಣುತ್ತದೆ.