ತಟ್ಟೆಗೆ ಕಿವಿಯಿಲ್ಲ

ಹೊಳೆಮಣ್ಣೂರಿನಂಥ ಮಲಪ್ರಭೆ ದಂಡೆಯ ಊರುಗಳಲ್ಲಿ ಡಿಜೆ ಅಂದರೆ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಪೇರಿಸಿದ ಸ್ಪೀಕರುಗಳು, ಎದೆ ನಡುಗಿಸುವ ಸಪ್ಪಳ. ಆ ಸಪ್ಪಳದ ಹಿಂದೆ ಒಂದು ಸೂಕ್ಷ್ಮ ವಿದ್ಯೆ ಇದೆ ಎಂಬುದು ಅದನ್ನು ಕಲಿಯತೊಡಗಿದ ಮೇಲಷ್ಟೇ ನನಗೆ ಮನದಟ್ಟಾಯಿತು. ಅದರ ಹೆಸರು ಬೀಟ್ ಮ್ಯಾಚಿಂಗ್. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರ ಲಯಕ್ಕೆ ತಂದು, ಕುಣಿಯುವವರ ಹೆಜ್ಜೆ ತಪ್ಪದಂತೆ ಕೂಡಿಸುವುದು.

ಲೆಕ್ಕ ಸರಳ. ನಡೆಯುತ್ತಿರುವ ಹಾಡಿಗೆ ನಿಮಿಷಕ್ಕೆ 126 ಪೆಟ್ಟು, ಬರಬೇಕಾದ ಹಾಡಿಗೆ 120 ಇದ್ದರೆ ಎರಡನೆಯದರ ವೇಗವನ್ನು 5% ಏರಿಸಬೇಕು. ಬರೀ ಒಂದು ಪೆಟ್ಟಿನ ವ್ಯತ್ಯಾಸ ಉಳಿದರೂ 30 ಸೆಕೆಂಡಿನಲ್ಲಿ ಒಂದರ ಪೆಟ್ಟು ಇನ್ನೊಂದರ ಎರಡು ಪೆಟ್ಟುಗಳ ನಡುವೆ ಬೀಳುತ್ತದೆ. ಒಂದು ಕಿವಿಯಲ್ಲಿ ಹೆಡ್‌ಫೋನ್, ಇನ್ನೊಂದು ಕಿವಿ ಮೈದಾನಕ್ಕೆ. ಎರಡು ಲಯ ಒಟ್ಟಿಗೆ ಕೇಳುವುದೇ ಹೊಸಬರಿಗೆ ಕಷ್ಟ.

ಈ ವಿದ್ಯೆಯ ಇತಿಹಾಸವನ್ನು ಸಾಮಾನ್ಯವಾಗಿ ನ್ಯೂಯಾರ್ಕಿನಿಂದ ಶುರು ಮಾಡುತ್ತಾರೆ. 1960ರ ದಶಕದ ಕೊನೆಗೆ, ಹಳೆಯ ಚರ್ಚಿನ ಕಟ್ಟಡದಲ್ಲಿದ್ದ ಸ್ಯಾಂಕ್ಚುಯರಿ ಕ್ಲಬ್ಬಿನಲ್ಲಿ ಫ್ರಾನ್ಸಿಸ್ ಗ್ರಾಸೊ ಎಂಬ ಯುವಕ ತಿರುಗುವ ತಟ್ಟೆಯನ್ನು ಬೆರಳಲ್ಲಿ ತಡೆದು, ಸರಿಯಾದ ಪೆಟ್ಟಿಗೆ ಬಿಡುತ್ತಿದ್ದ. ಆ ಕಾಲದ ಹಾಡುಗಳಲ್ಲಿ ಡ್ರಮ್ ಬಾರಿಸಿದವರು ಮನುಷ್ಯರೇ. ಲಯ ತುಸು ಏರುತ್ತಿತ್ತು, ತುಸು ಇಳಿಯುತ್ತಿತ್ತು. 1972ರಲ್ಲಿ ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200 ಬಂತು. 1979ರ ಹೊಸ ಮಾದರಿಯಲ್ಲಿ ವೇಗವನ್ನು 8% ಮೇಲೆ-ಕೆಳಗೆ ಮಾಡುವ ಸರಿಗುಂಡಿ ಕೂತಿತು. ಆದರೆ ವೇಗ ಸುಮಾರು 6% ಏರಿದರೆ ಶ್ರುತಿ ಷಡ್ಜದಿಂದ ಕೋಮಲ ರಿಷಭದಷ್ಟು ಮೇಲೇರುತ್ತದೆ. ಸ್ಪ್ರಿಂಗ್ ಸಡಿಲಾದ ಗ್ರಾಮಫೋನಿನಲ್ಲಿ ಹಾಡುಗಾರನ ದನಿ ಕುಗ್ಗುತ್ತಿದ್ದುದೂ ಇದೇ ಕಾರಣಕ್ಕೆ.

ಗ್ರಾಮಫೋನ್ ತಟ್ಟೆಗೂ ನಮ್ಮ ರೋಣಕ್ಕೂ ಹಳೆಯ ನಂಟಿದೆ. 1922ರಲ್ಲಿ ಅಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ ಮರುಳಾದರು; 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟರು. ತಟ್ಟೆ ಅವರಿಗೆ ಆಸೆ ಹುಟ್ಟಿಸಿತು, ಕಲಿಸಲಿಲ್ಲ. ಕಲಿಯಲು ಎದುರಿಗೆ ಮನುಷ್ಯನೇ ಬೇಕಾದ. ಏಕೆಂದರೆ ತಟ್ಟೆ ಹಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ.

ಕರಡಿ ಮಜಲಿಗೂ ಡಿಜೆಗೂ ಇರುವ ಅಂತರ ಇಲ್ಲಿದೆ ಎಂದು ನನಗನಿಸುತ್ತದೆ. ಮಜಲಿನಲ್ಲಿ ಕರಡಿ ಬಾರಿಸುವವ ಮುಂದೆ ಓಡಿದರೆ ತಾಳದವ ಅವನನ್ನು ಹಿಡಿಯುತ್ತಾನೆ, ಶಹನಾಯಿಯವ ಉಸಿರು ಹೊಂದಿಸಿಕೊಳ್ಳುತ್ತಾನೆ. ಅಲ್ಲಿ ಲಯ ಎಂದರೆ ಪರಸ್ಪರ ಒಪ್ಪಂದ. ಡಿಜೆಯ ಮುಂದಿರುವ ಎರಡು ಹಾಡುಗಳಿಗೆ ಒಂದರ ಗುರುತು ಇನ್ನೊಂದಕ್ಕಿಲ್ಲ. ಮೇಳದ ಎಲ್ಲರೂ ಹಂಚಿಕೊಂಡಿದ್ದ ಆಲಿಸುವ ಕೆಲಸ ಒಬ್ಬನ ಪಾಲಿಗೆ ಬಂತು. ಈಗ ಸಾಫ್ಟ್‌ವೇರಿನ ಸಿಂಕ್ ಗುಂಡಿ ಒತ್ತಿದರೆ ಆ ಒಬ್ಬನೂ ಆಲಿಸಬೇಕಾಗಿಲ್ಲ.

ಯಂತ್ರವನ್ನು ಬಯ್ಯುವುದು ನನ್ನ ಉದ್ದೇಶವಲ್ಲ. ನಾನೂ ಅದರ ಮುಂದೆಯೇ ನಿಲ್ಲುತ್ತೇನೆ. ಆದರೆ ಟ್ರೇಲರ್ ಬಂದ ಮೆರವಣಿಗೆಯಲ್ಲಿ ಹಲಗೆಯವರಿಗೂ ಮಜಲಿನವರಿಗೂ ವೀಳ್ಯ ತಪ್ಪುತ್ತದೆ. ಕೂಲಿಯ ಜೊತೆಗೆ ಅಭ್ಯಾಸವೂ ಹೋಗುತ್ತದೆ. ಗ್ರಾಸೊನ ಬೆರಳಿನ ಬಗ್ಗೆ ಪುಸ್ತಕಗಳಿವೆ. ನಮ್ಮ ಹಲಗೆಯವರು ಬೆಂಕಿಗೆ ಚರ್ಮ ಕಾಯಿಸಿ ನಾದ ಹದಕ್ಕೆ ತರುವ, ಕಣ್ಸನ್ನೆಯಲ್ಲೇ ನಡೆ ಬದಲಿಸುವ ಜಾಣ್ಮೆ ಅವರ ಕೈಯಲ್ಲೇ ಇದೆ. ಆ ಕೈಗಳು ಸುಮ್ಮನಾಗುವ ಮೊದಲು ಬರೆದಿಟ್ಟುಕೊಳ್ಳಬೇಕಾದ ಇತಿಹಾಸ ಅದು.