ಹೊಸೂರು–ಕೃಷ್ಣಗಿರಿ ಕಾಡುಗಳು: ವನ್ಯಜೀವಿ ರಕ್ಷಣೆಯ ಕಾನೂನು

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ ಜವಳಗಿರಿ, ಡೆಂಕಣಿಕೋಟೆ, ಅಂಚೆಟ್ಟಿ ಸುತ್ತಲಿನ ಕಾಡುಗಳು ಬನ್ನೇರುಘಟ್ಟಕ್ಕೂ ಕಾವೇರಿ ಕಣಿವೆಗೂ ನಡುವೆ ಆನೆಗಳು ತಲೆತಲಾಂತರದಿಂದ ಓಡಾಡುವ ಸೀಮೆ. 1882ರ ಮದರಾಸು ಅರಣ್ಯ ಕಾಯ್ದೆ ಇಂಥ ಕಾಡುಗಳನ್ನು ಮೀಸಲು ಅರಣ್ಯವಾಗಿಸಲು ದಾರಿ ಮಾಡಿತು. ಆಗ ಸರ್ಕಾರದ ಕಣ್ಣಿದ್ದುದು ಮರದ ಮೇಲೆ. ಪ್ರಾಣಿಗಳ ಮಾತು ಹಿಂದೆ ಉಳಿಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಕೊರತೆ ತುಂಬಿತು. 1977ರಲ್ಲಿ ಆನೆ ಅದರ ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಗೆ ಸೇರಿತು. ಇಂದು ಆನೆ ಬೇಟೆಗೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಇದೇ ಕಾಯ್ದೆಯಡಿ 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮ (ಸುಮಾರು 504 ಚದರ ಕಿ.ಮೀ.), 2022ರ ನವೆಂಬರಿನಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮ (ಸುಮಾರು 686 ಚದರ ಕಿ.ಮೀ.) ಘೋಷಣೆಯಾದವು. ಎರಡೂ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿ ಹರಡಿವೆ. ದಕ್ಷಿಣ ಧಾಮದ ಘೋಷಣೆಯ ಮಹತ್ವ ದೊಡ್ಡದು: ಉತ್ತರ ಧಾಮವನ್ನು ಅದು ಕರ್ನಾಟಕದ ಕಾವೇರಿ ವನ್ಯಜೀವಿಧಾಮಕ್ಕೆ ಜೋಡಿಸಿತು. ನೀರುನಾಯಿ, ಮೊಸಳೆ, ಕೊಂಡುಕುರಿಗಳಿಗೂ ಈ ದಕ್ಷಿಣ ಧಾಮ ನೆಲೆ.

ಮೀಸಲು ಅರಣ್ಯವನ್ನು ಧಾಮವೆಂದು ಘೋಷಿಸಿದರೆ ಹೆಚ್ಚುವ ರಕ್ಷಣೆ ಏನು? ಅನುಮತಿಯಿಲ್ಲದೆ ಅಲ್ಲಿನ ಪ್ರಾಣಿಗಳ ನೆಲೆಗೆ ಹಾನಿ ಮಾಡುವಂತಿಲ್ಲ, ನೀರಿನ ಹರಿವು ತಿರುಗಿಸುವಂತಿಲ್ಲ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸಿಲ್ಲದೆ ರಾಜ್ಯ ಸರ್ಕಾರ ಗಡಿ ಬದಲಿಸುವಂತಿಲ್ಲ. ಧಾಮದಲ್ಲೂ ಅದರ 10 ಕಿ.ಮೀ. ಸುತ್ತಮುತ್ತಲೂ ಇರುವ ಪರವಾನಗಿ ಬಂದೂಕುದಾರರು ವನ್ಯಜೀವಿ ಅಧಿಕಾರಿಯಲ್ಲಿ ಹೆಸರು ನೋಂದಾಯಿಸಬೇಕು. ಕಾಡಂಚಿನವರ ದನ ಮೇಯಿಸುವಿಕೆ, ಕಿರು ಅರಣ್ಯೋತ್ಪನ್ನದ ಹಕ್ಕುಗಳನ್ನು 2006ರ ಅರಣ್ಯ ಹಕ್ಕು ಕಾಯ್ದೆ ಧಾಮಗಳಲ್ಲೂ ಮಾನ್ಯ ಮಾಡುತ್ತದೆ. ಇದನ್ನು ಮರೆತು ಕಾಡು ಕಾಯಹೊರಡುವುದು ಅನ್ಯಾಯ.

ಕಷ್ಟವಿರುವುದು ಧಾಮದಾಚೆ. ರಾಗಿ ತೆನೆ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಬರುವ ಆನೆ ಹಿಂಡುಗಳು ತಳಿ, ಡೆಂಕಣಿಕೋಟೆ, ಹೊಸೂರು ಬಳಿಯ ಸಾನಮಾವು ಕಾಡಿನವರೆಗೂ ಹೊಲಗಳ ಮೇಲೇ ಸಾಗುತ್ತವೆ. ರೈತರು ಅಟ್ಟಣೆ ಹತ್ತಿ ರಾತ್ರಿಯಿಡೀ ಬೆಳೆ ಕಾಯುತ್ತಾರೆ. 2023ರ ಮಾರ್ಚಿನಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ ಹೊಲದ ಅಕ್ರಮ ವಿದ್ಯುತ್ ಬೇಲಿ ತಗುಲಿ ಮೂರು ಹೆಣ್ಣಾನೆಗಳು ಸತ್ತವು; ಜೊತೆಗಿದ್ದ ಎರಡು ಮರಿಗಳು ಬದುಕುಳಿದವು. ಅದೇ ವರ್ಷ ತಮಿಳುನಾಡು ವಿದ್ಯುತ್ ಬೇಲಿಗಳ ನೋಂದಣಿಗೆ ನಿಯಮ ತಂದಿತು.

ಧಾಮದಾಚೆಯ ಖಾಸಗಿ ಜಮೀನಿನ ಮಾಲೀಕರು ತಾವಾಗಿ ಮುಂದೆ ಬಂದರೆ ಆ ಜಮೀನನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲು ವನ್ಯಜೀವಿ ಕಾಯ್ದೆಯ 36ಸಿ ವಿಧಿಯಲ್ಲಿ ಅವಕಾಶವಿದೆ. ರೈತರಿಗೆ ತಕ್ಕ ಪರಿಹಾರ ಕೊಟ್ಟು, ಈ ಸೀಮೆಯ ಆನೆದಾರಿಗಳಿಗೆ ಆ ಅವಕಾಶವನ್ನು ಬಳಸುವುದೇ ಮುಂದೆ ಆಗಬೇಕಾದ ಕೆಲಸ.