ಮನೆಯ ಗಣಕಯಂತ್ರದ ದೋಷಗಳು ಮತ್ತು ಅವುಗಳ ಪರಿಹಾರ: ಆನ್‌ಲೈನ್ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ವಿಜಯಪುರ ನಗರ, ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರು ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ ಅಥವಾ ಉತಾರ, ವಿದ್ಯಾರ್ಥಿ ವೇತನ, ಪಿಂಚಣಿ ಮುಂತಾದ ಸೇವೆಗಳಿಗೆ ಮನೆಯಿಂದಲೇ ಅರ್ಜಿ ಸಲ್ಲಿಸಬಹುದಾಗಿದೆ. ಆದರೆ ಕೊನೆಯ ದಿನಾಂಕ ಸಮೀಪಿಸಿದಾಗ ಗಣಕಯಂತ್ರ ಕೆಟ್ಟುನಿಂತರೆ ಅರ್ಹ ಅರ್ಜಿದಾರರೂ ಸೌಲಭ್ಯದಿಂದ ವಂಚಿತರಾಗುವ ಸಂಭವವಿರುತ್ತದೆ.

ಅರ್ಧ ತುಂಬಿದ ಅರ್ಜಿಯು ಸಲ್ಲಿಕೆಯಾದ ಅರ್ಜಿಯಲ್ಲ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಲ್ಲಿ ಅರ್ಜಿ ಸ್ವೀಕೃತವಾಗಿ 15 ಅಂಕಿಗಳ ಸ್ವೀಕೃತಿ ಸಂಖ್ಯೆ ದೊರೆತ ನಂತರವೇ ಕಾಲಮಿತಿಯ ಲೆಕ್ಕ ಆರಂಭವಾಗುತ್ತದೆ. ಆದ್ದರಿಂದ ಸಾಮಾನ್ಯ ದೋಷಗಳನ್ನು ಮನೆಯಲ್ಲಿಯೇ ಗುರುತಿಸಿ ಸರಿಪಡಿಸಿಕೊಳ್ಳಲು ಅನುವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

2. ಮುನ್ನೆಚ್ಚರಿಕೆ

ಗಣಕಯಂತ್ರದ ಪೆಟ್ಟಿಗೆಯನ್ನು ತೆರೆಯುವ ಮುನ್ನ ಅದನ್ನು ಸ್ಥಗಿತಗೊಳಿಸಿ, ಗೋಡೆಯ ಸ್ವಿಚ್ ಆರಿಸಿ, ಪ್ಲಗ್ಗನ್ನು ಹೊರತೆಗೆಯತಕ್ಕದ್ದು. ಒದ್ದೆ ಕೈಯಿಂದ ಯಾವುದೇ ಭಾಗವನ್ನು ಮುಟ್ಟಬಾರದು. ಒಳಗಿನ ಭಾಗಗಳನ್ನು ಮುಟ್ಟುವ ಮುನ್ನ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ದೇಹದಲ್ಲಿನ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳುವುದು ಸೂಕ್ತ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ತೆಗೆದ ನಂತರವೂ ಅದರೊಳಗೆ ಅಪಾಯಕಾರಿ ಪ್ರಮಾಣದ ವಿದ್ಯುತ್ ಉಳಿದಿರುತ್ತದೆ.

3. ವಿದ್ಯುತ್ ಪೂರೈಕೆ ಮತ್ತು ಅರ್ಥಿಂಗ್

ಗೃಹಬಳಕೆಯ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್ ಇರುತ್ತದೆ. ಪಂಪ್‌ಸೆಟ್‌ಗಳಿರುವ ಮಾರ್ಗದಿಂದ ಸಂಪರ್ಕ ಪಡೆದ ತೋಟದ ವಸ್ತಿಗಳಲ್ಲಿ ಹಲವು ಮೋಟಾರುಗಳು ಒಮ್ಮೆಲೇ ಚಾಲನೆಯಾದಾಗ ವೋಲ್ಟೇಜ್ ಕುಸಿಯುತ್ತದೆ. ಅಂತಹ ವೇಳೆ ಗಣಕಯಂತ್ರ ತಾನಾಗಿಯೇ ಆರಿ ಮತ್ತೆ ಚಾಲನೆಯಾಗುವುದು ಕಂಡುಬಂದಲ್ಲಿ ದೋಷವು ಯಂತ್ರದ್ದಲ್ಲದೆ ಪೂರೈಕೆಯದ್ದಾಗಿರಬಹುದು. ಮನೆಯ ದೀಪಗಳೂ ಅದೇ ಸಮಯದಲ್ಲಿ ಮಂಕಾಗುತ್ತವೆಯೇ ಎಂಬುದನ್ನು ಗಮನಿಸಬೇಕು. ವಿದ್ಯುತ್ ಪೂರೈಕೆಯ ದೂರುಗಳನ್ನು ಹೆಸ್ಕಾಂ ಸಹಾಯವಾಣಿ 1912ಕ್ಕೆ ನೀಡಬಹುದು.

ಮೂರು ಪಿನ್ನಿನ ಪ್ಲಗ್‌ನಲ್ಲಿ ಉದ್ದ ಹಾಗೂ ದಪ್ಪ ಇರುವ ಪಿನ್ ಅರ್ಥಿಂಗ್‌ಗೆ ಸಂಬಂಧಿಸಿದ್ದು. ಅದನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಜೋಡಿಸುವ ಪದ್ಧತಿ ಅಪಾಯಕಾರಿ. ಪೆಟ್ಟಿಗೆಯ ಲೋಹವನ್ನು ಮುಟ್ಟಿದಾಗ ಜುಮ್ಮೆನಿಸಿದರೆ ಅರ್ಥಿಂಗ್ ಸರಿಯಿಲ್ಲವೆಂದು ತಿಳಿಯಬೇಕು. ಈ ಭಾಗದ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರುಕು ಬಿಡುವುದರಿಂದ ಅರ್ಥಿಂಗ್ ಗುಂಡಿಯ ಕೊಳವೆಗೂ ಮಣ್ಣಿಗೂ ಇರುವ ಸಂಪರ್ಕ ಸಡಿಲಗೊಳ್ಳುತ್ತದೆ. ಬೇಸಿಗೆಯಲ್ಲಿ ಆಗಾಗ್ಗೆ ಗುಂಡಿಗೆ ನೀರುಣಿಸುವುದರಿಂದ ಈ ದೋಷ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಗುಡುಗು ಸಿಡಿಲಿನ ಸಮಯದಲ್ಲಿ ವಿದ್ಯುತ್ ಪ್ಲಗ್ಗನ್ನಷ್ಟೇ ಅಲ್ಲದೆ ಮೋಡೆಮ್‌ಗೆ ಬರುವ ತಾಮ್ರದ ದೂರವಾಣಿ ತಂತಿಯನ್ನೂ ಕಳಚಿಡಬೇಕು. ಸಿಡಿಲು ಸಮೀಪಿಸುವ ಮುನ್ನವೇ ಈ ಕೆಲಸ ಮುಗಿಸಿರತಕ್ಕದ್ದು.

ಯುಪಿಎಸ್ ಉಪಕರಣವು ಕೆಲಸವನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಸ್ಥಗಿತಗೊಳಿಸಲು ಬೇಕಾದ ಕೆಲವು ನಿಮಿಷಗಳ ಅವಕಾಶ ಒದಗಿಸುತ್ತದೆ. ಅದರ ಬ್ಯಾಟರಿ ಸಾಮಾನ್ಯವಾಗಿ 2ರಿಂದ 3 ವರ್ಷಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ವಿದ್ಯುತ್ ಹೋದ ಕೂಡಲೇ ಗಣಕಯಂತ್ರವೂ ಆರಿಹೋದಲ್ಲಿ ಮೊದಲು ಬ್ಯಾಟರಿಯನ್ನು ಪರೀಕ್ಷಿಸಬೇಕು. ಲೇಸರ್ ಪ್ರಿಂಟರ್ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆಯುವುದರಿಂದ ಅದನ್ನು ಯುಪಿಎಸ್‌ಗೆ ಜೋಡಿಸಬಾರದು.

4. ಗಣಕಯಂತ್ರ ಚಾಲನೆಯಾಗದಿದ್ದಲ್ಲಿ

ಕೆಳಗಿನ ಅಂಶಗಳನ್ನು ಅನುಕ್ರಮವಾಗಿ ಪರಿಶೀಲಿಸತಕ್ಕದ್ದು.

ಅ) ಅದೇ ಸಾಕೆಟ್ಟಿಗೆ ಬೇರೊಂದು ಉಪಕರಣವನ್ನು ಜೋಡಿಸಿ ವಿದ್ಯುತ್ ಬರುತ್ತಿದೆಯೇ ಎಂದು ನೋಡುವುದು.

ಆ) ಪೆಟ್ಟಿಗೆಯ ಹಿಂಭಾಗದಲ್ಲಿ ವಿದ್ಯುತ್ ತಂತಿ ಸಡಿಲಾಗಿದೆಯೇ, ಅಲ್ಲಿನ ಸ್ವಿಚ್ ಆರಿದೆಯೇ ಎಂದು ನೋಡುವುದು.

ಇ) ಹಳೆಯ ಕೆಲವು ಎಸ್‌ಎಂಪಿಎಸ್‌ಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಗುಂಡಿ ಇರುತ್ತದೆ. ಅದು 230ರಲ್ಲಿಯೇ ಇರಬೇಕು. 115ರಲ್ಲಿಟ್ಟು ಚಾಲನೆ ಮಾಡಿದರೆ ಎಸ್‌ಎಂಪಿಎಸ್ ಸುಟ್ಟುಹೋಗುತ್ತದೆ.

ಈ) ಲ್ಯಾಪ್‌ಟಾಪ್ ಆಗಿದ್ದಲ್ಲಿ ಚಾರ್ಜರ್ ಕಳಚಿ, ಚಾಲನಾ ಗುಂಡಿಯನ್ನು ಸುಮಾರು 30 ಸೆಕೆಂಡು ಒತ್ತಿ ಹಿಡಿದು ಬಿಟ್ಟು, ಮತ್ತೆ ಚಾರ್ಜರ್ ಜೋಡಿಸಿ ಪ್ರಯತ್ನಿಸುವುದು.

ಇಷ್ಟಾದರೂ ದೀಪ ಬೆಳಗದೆ, ಫ್ಯಾನ್ ತಿರುಗದೆ ಇದ್ದಲ್ಲಿ ಎಸ್‌ಎಂಪಿಎಸ್ ಅಥವಾ ಚಾರ್ಜರ್ ಕೆಟ್ಟಿರುವ ಸಂಭವ ಹೆಚ್ಚು. ಇವೆರಡನ್ನೂ ಬದಲಿಸಬಹುದಾಗಿದ್ದು, ಇದಕ್ಕಾಗಿ ಇಡೀ ಯಂತ್ರವನ್ನು ಬದಲಿಸುವ ಅಗತ್ಯವಿಲ್ಲ.

5. ಚಾಲನೆಯಾದರೂ ಪರದೆ ಕಪ್ಪಾಗಿದ್ದಲ್ಲಿ

ಫ್ಯಾನ್ ತಿರುಗುತ್ತಿದ್ದು ಪರದೆಯ ಮೇಲೆ ಏನೂ ಮೂಡದಿದ್ದಲ್ಲಿ ಮೊದಲು ಮಾನಿಟರ್‌ನ ವಿದ್ಯುತ್ ತಂತಿ ಮತ್ತು ಚಿತ್ರ ತಂತಿಗಳೆರಡನ್ನೂ ಪರಿಶೀಲಿಸಬೇಕು. ಯಂತ್ರದಿಂದ ಬಿಟ್ಟುಬಿಟ್ಟು ಬೀಪ್ ಶಬ್ದ ಕೇಳಿಬಂದರೆ ಅದು ದೋಷಸೂಚನೆಯಾಗಿದ್ದು, ಅನೇಕ ಸಂದರ್ಭಗಳಲ್ಲಿ ರ‍್ಯಾಮ್ ಎಂಬ ಸ್ಮರಣಫಲಕಕ್ಕೆ ಸಂಬಂಧಿಸಿರುತ್ತದೆ. ಬೀಪ್‌ಗಳ ಎಣಿಕೆಯ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಎಷ್ಟು ಸಲ, ಎಷ್ಟು ದೀರ್ಘವಾಗಿ ಕೇಳಿಸಿತೆಂಬುದನ್ನು ಬರೆದಿಟ್ಟುಕೊಂಡರೆ ದುರಸ್ತಿ ಮಾಡುವವರಿಗೆ ಅನುಕೂಲವಾಗುತ್ತದೆ.

ರ‍್ಯಾಮ್ ಫಲಕವನ್ನು ಎರಡೂ ಬದಿಯ ಕೊಂಡಿಗಳನ್ನು ಸರಿಸಿ ಹೊರತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆದುವಾಗಿ ಉಜ್ಜಿ, ಚೂರುಗಳನ್ನು ತೆಗೆದುಹಾಕಿ, ಕೊಂಡಿಗಳು ಟಕ್ಕೆಂದು ಕೂರುವಂತೆ ಮರಳಿ ಜೋಡಿಸಬೇಕು. ಧೂಳು ಹೆಚ್ಚಿರುವ ಮನೆಗಳಲ್ಲಿ ಈ ಒಂದು ಕ್ರಮದಿಂದಲೇ ಯಂತ್ರ ಸರಿಹೋಗುವುದುಂಟು.

6. ದಿನಾಂಕ ತಪ್ಪಾಗಿದ್ದು ಪೋರ್ಟಲ್ ತೆರೆಯದಿದ್ದಲ್ಲಿ

ಅಂತರಜಾಲ ಸಂಪರ್ಕ ಸರಿಯಿದ್ದರೂ ಸರ್ಕಾರಿ ಪೋರ್ಟಲ್‌ಗಳು ಮಾತ್ರ ಸುರಕ್ಷಿತವಲ್ಲವೆಂಬ ಎಚ್ಚರಿಕೆ ತೋರಿಸಿದರೆ ಗಣಕಯಂತ್ರದ ದಿನಾಂಕ, ತಿಂಗಳು ಮತ್ತು ವರ್ಷವನ್ನು ನೋಡಬೇಕು. ಜಾಲತಾಣಗಳ ಸುರಕ್ಷತಾ ಪ್ರಮಾಣಪತ್ರಕ್ಕೆ ನಿಗದಿತ ಅವಧಿ ಇರುತ್ತದೆ. ಯಂತ್ರದ ದಿನಾಂಕ ಆ ಅವಧಿಯ ಹೊರಗಿದ್ದರೆ ಬ್ರೌಸರ್ ಅದನ್ನು ತಿರಸ್ಕರಿಸುತ್ತದೆ.

ದಿನಾಂಕ ಸರಿಪಡಿಸಿದರೂ ಪ್ರತಿ ಬಾರಿ ವಿದ್ಯುತ್ ಹೋದಾಗ ಹಿಂದಿನ ವರ್ಷಕ್ಕೆ ಮರಳುತ್ತಿದ್ದಲ್ಲಿ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ ಎಂದರ್ಥ. ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಇದು ಸಿಆರ್2032 ಎಂಬ 3 ವೋಲ್ಟ್ ಬ್ಯಾಟರಿಯಾಗಿದ್ದು, ಕೈಗಡಿಯಾರದ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಹಳೆಯದನ್ನು ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು. ನುಂಗಿದಲ್ಲಿ ಪ್ರಾಣಾಪಾಯವಿದೆ.

ಹಳೆಯ ಕಾರ್ಯಾಚರಣಾ ವ್ಯವಸ್ಥೆಯೂ ಅಡಚಣೆಗೆ ಕಾರಣವಾಗುತ್ತದೆ. ವಿಂಡೋಸ್ ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ಮುಕ್ತಾಯವಾಗಿದೆ. ಮೊದಲೆರಡರಲ್ಲಿ ಹೊಸ ಬ್ರೌಸರ್‌ಗಳು ಸ್ಥಾಪನೆಯಾಗದಿರುವುದರಿಂದ ಪೋರ್ಟಲ್‌ಗಳು ಅಪೂರ್ಣವಾಗಿ ತೆರೆಯುವ ಸಂಭವವಿದೆ.

7. ಬಿಸಿ ಮತ್ತು ಧೂಳು

ವಿಜಯಪುರ ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಯಂತ್ರವು ಅರ್ಧ ಗಂಟೆ ಕೆಲಸ ಮಾಡಿ ತಾನಾಗಿಯೇ ಆರುವುದು, ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ನಿಧಾನವಾಗುವುದು ಹೆಚ್ಚು ಬಿಸಿಯ ಲಕ್ಷಣಗಳು. ಪೆಟ್ಟಿಗೆಯ ಹಿಂಭಾಗ ಗೋಡೆಯಿಂದ ಕನಿಷ್ಠ ಒಂದು ಗೇಣು ದೂರವಿರಬೇಕು. ಲ್ಯಾಪ್‌ಟಾಪನ್ನು ಹಾಸಿಗೆ ಅಥವಾ ಕೌದಿಯ ಮೇಲಿಟ್ಟು ಬಳಸಬಾರದು.

ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮೇಲಿನಿಂದ ಮಣ್ಣು ಉದುರುವುದರಿಂದ ಯಂತ್ರ ಆರಿದ ನಂತರ ಬಟ್ಟೆ ಹೊದಿಸುವುದು ಉತ್ತಮ. ಚಾಲನೆಯಲ್ಲಿರುವಾಗ ಹೊದಿಸಬಾರದು. 3 ತಿಂಗಳಿಗೊಮ್ಮೆ ಒಣ ಕುಂಚದಿಂದ ಫ್ಯಾನ್ ಹಾಗೂ ಜಾಲರಿಯ ಧೂಳು ತೆಗೆಯಬೇಕು. ಬಾಯಿಯಿಂದ ಊದಿದರೆ ತೇವಾಂಶ ಸೇರುತ್ತದೆ.

8. ಕನ್ನಡ ಅಕ್ಷರಗಳು ಸರಿಯಾಗಿ ಮೂಡದಿದ್ದಲ್ಲಿ

ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಹೆಸರು, ವಿಳಾಸಗಳನ್ನು ಪೋರ್ಟಲ್‌ಗೆ ನಕಲಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಆ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುವುದೇ ಇದಕ್ಕೆ ಕಾರಣ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಪ್ರತ್ಯೇಕ ಸಂಕೇತಗಳಿದ್ದು, ಪೋರ್ಟಲ್‌ಗಳು ಅದನ್ನೇ ಅವಲಂಬಿಸಿವೆ. ಆದ್ದರಿಂದ ನುಡಿಯ ಇತ್ತೀಚಿನ ಆವೃತ್ತಿಯಲ್ಲಿ ಯೂನಿಕೋಡ್ ಆಯ್ಕೆ ಮಾಡಿಕೊಳ್ಳಬೇಕು ಅಥವಾ ಹಳೆಯ ಪಠ್ಯವನ್ನು ಪರಿವರ್ತಕದ ಮೂಲಕ ಬದಲಿಸಬೇಕು.

ವಿಂಡೋಸ್ 10 ಮತ್ತು 11ರಲ್ಲಿ ಸೆಟ್ಟಿಂಗ್ಸ್‌ನ ಸಮಯ ಮತ್ತು ಭಾಷೆ ವಿಭಾಗದಲ್ಲಿ ಕನ್ನಡವನ್ನು ಸೇರಿಸಿ, ವಿಂಡೋಸ್ ಕೀಲಿ ಹಾಗೂ ಸ್ಪೇಸ್ ಕೀಲಿಯನ್ನು ಒಟ್ಟಿಗೆ ಒತ್ತಿ ಕೀಲಿಮಣೆ ಬದಲಿಸಬಹುದು. ಒತ್ತಕ್ಷರ, ದೀರ್ಘಗಳು ಆಧಾರ್‌ನಲ್ಲಿರುವಂತೆಯೇ ಇವೆಯೇ ಎಂದು ಸಲ್ಲಿಸುವ ಮುನ್ನ ಓದಿ ನೋಡತಕ್ಕದ್ದು. ಹೆಸರಿನ ಒಂದು ಅಕ್ಷರದ ವ್ಯತ್ಯಾಸದಿಂದಲೂ ಅರ್ಜಿ ಹಿಂದಿರುಗುವ ಸಂಭವವಿದೆ.

9. ಅಂತರಜಾಲ, ಪ್ರಿಂಟರ್ ಹಾಗೂ ಬೆರಳಚ್ಚು ಸಾಧನ

ಫೈಬರ್ ಸಂಪರ್ಕದ ಮೋಡೆಮ್‌ನಲ್ಲಿ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಹೊರಗಿನ ತಂತಿಯಿಂದ ಬೆಳಕಿನ ಸಂಕೇತ ಬರುತ್ತಿಲ್ಲವೆಂದರ್ಥ. ತಂತಿ ಸಡಿಲವಾಗಿಲ್ಲವೆಂದು ಖಚಿತಪಡಿಸಿಕೊಂಡು ಸೇವಾದಾರರಿಗೆ ದೂರು ನೀಡಬೇಕು. ಕೆಂಪು ದೀಪವಿಲ್ಲದೆ ಸಂಪರ್ಕ ಮಾತ್ರ ಇಲ್ಲದಿದ್ದಲ್ಲಿ ಮೋಡೆಮನ್ನು ಆರಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಚಾಲನೆ ಮಾಡಬೇಕು.

ಪ್ರಿಂಟರ್ ಆಫ್‌ಲೈನ್ ಎಂದು ತೋರಿಸಿದರೆ ತಂತಿಯನ್ನು ಕಳಚಿ ಜೋಡಿಸಿ, ಸರದಿಯಲ್ಲಿ ಸಿಲುಕಿರುವ ಹಳೆಯ ಮುದ್ರಣಗಳನ್ನು ರದ್ದುಪಡಿಸಬೇಕು. ಪ್ರಿಂಟರ್ ಸಿದ್ಧವಿಲ್ಲದಿದ್ದರೂ ಸ್ವೀಕೃತಿಯನ್ನು ಪಿಡಿಎಫ್ ಕಡತವಾಗಿ ಉಳಿಸಿಕೊಳ್ಳಬಹುದಾದ್ದರಿಂದ ಅರ್ಜಿ ಸಲ್ಲಿಕೆಯನ್ನು ಮುಂದೂಡುವ ಅಗತ್ಯವಿಲ್ಲ.

ಪಿಂಚಣಿದಾರರ ಡಿಜಿಟಲ್ ಜೀವಿತ ಪ್ರಮಾಣಪತ್ರಕ್ಕೆ ಬೆರಳಚ್ಚು ಸಾಧನ ಬಳಸುವವರು ಅದನ್ನು ಡೆಸ್ಕ್‌ಟಾಪಿನ ಹಿಂಭಾಗದ ಯುಎಸ್‌ಬಿ ಕಿಂಡಿಗೆ ನೇರವಾಗಿ ಜೋಡಿಸಬೇಕು. ಸಾಧನದ ಆರ್‌ಡಿ ಸೇವೆ ಚಾಲನೆಯಲ್ಲಿರಬೇಕು. ಹೊಲದ ಕೆಲಸದಿಂದ ಬೆರಳ ಗೆರೆ ಸವೆದ ಹಿರಿಯರು ಮೊಬೈಲ್ ಮೂಲಕ ಮುಖಚಹರೆ ದೃಢೀಕರಣದ ಸೌಲಭ್ಯ ಪಡೆಯಬಹುದು.

10. ದಾಖಲೆಗಳ ರಕ್ಷಣೆ ಮತ್ತು ದುರಸ್ತಿ

ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಎಂಬ ಶಬ್ದ ಬರುತ್ತಿದ್ದರೆ ಅದು ಕೆಡುವ ಮುನ್ಸೂಚನೆ. ಮುಖ್ಯ ಕಡತಗಳನ್ನು ಕೂಡಲೇ ಪೆನ್ ಡ್ರೈವ್‌ಗೆ ನಕಲಿಸಿ, ನಂತರ ಉಳಿದ ಪರೀಕ್ಷೆ ಕೈಗೊಳ್ಳಬೇಕು.

ಮನೆಯ ಗಣಕಯಂತ್ರದಲ್ಲಿ ಆಧಾರ್, ಬ್ಯಾಂಕ್ ಪಾಸ್‌ಬುಕ್, ಭಾವಚಿತ್ರಗಳ ಪ್ರತಿಗಳಿರುತ್ತವೆ. ದುರಸ್ತಿಗೆ ಕೊಡುವ ಮುನ್ನ ಅವುಗಳನ್ನು ನಕಲಿಸಿಕೊಂಡು ಯಂತ್ರದಿಂದ ಅಳಿಸಿ, ಬ್ರೌಸರ್‌ನಲ್ಲಿ ಉಳಿಸಿದ ಗುಪ್ತಪದಗಳನ್ನೂ ತೆಗೆದುಹಾಕಬೇಕು. ಎಸ್‌ಎಂಪಿಎಸ್ ಅಥವಾ ರ‍್ಯಾಮ್ ದುರಸ್ತಿಗೆ ಡಿಸ್ಕ್ ಫಾರ್ಮ್ಯಾಟ್ ಮಾಡುವ ಅಗತ್ಯವಿರುವುದಿಲ್ಲ. ಒಟಿಪಿಯನ್ನು ದುರಸ್ತಿಗಾರರೂ ಸೇರಿದಂತೆ ಯಾರಿಗೂ ತಿಳಿಸಬಾರದು. ವೈರಸ್ ಬಂದಿದೆ, ಈ ಸಂಖ್ಯೆಗೆ ಕರೆ ಮಾಡಿ ಎಂದು ಪರದೆಯ ಮೇಲೆ ಮೂಡುವ ಸಂದೇಶಗಳು ವಂಚನೆಯಾಗಿರುತ್ತವೆ. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು.

11. ದೋಷ ನಿವಾರಣೆಯಾಗದಿದ್ದಲ್ಲಿ

ಕೊನೆಯ ದಿನಾಂಕಕ್ಕೆ 2 ದಿನಗಳಿಗಿಂತ ಕಡಿಮೆ ಅವಧಿ ಉಳಿದಿದ್ದಲ್ಲಿ ಯಂತ್ರದ ದುರಸ್ತಿಗೆ ಕಾಯದೆ, ಮೂಲ ದಾಖಲೆಗಳೊಂದಿಗೆ ಸಮೀಪದ ಗ್ರಾಮ ಒನ್ ಕೇಂದ್ರ, ನಾಡಕಚೇರಿ ಅಥವಾ ಸಂಬಂಧಪಟ್ಟ ಕಚೇರಿಯನ್ನು ಸಂಪರ್ಕಿಸಬೇಕು. ಪೋರ್ಟಲ್‌ನ ನೋಂದಣಿಯು ಅರ್ಜಿದಾರರ ಖಾತೆಗೆ ಸಂಬಂಧಿಸಿರುತ್ತದೆಯೇ ಹೊರತು ಯಂತ್ರಕ್ಕಲ್ಲ. ಕರಡಾಗಿ ಉಳಿಸಿದ ಅರ್ಜಿಯನ್ನು ನೆರೆಹೊರೆಯವರ ಗಣಕಯಂತ್ರದಿಂದಲೂ ಪೂರ್ಣಗೊಳಿಸಬಹುದು. ಕೆಲಸ ಮುಗಿದ ನಂತರ ಖಾತೆಯಿಂದ ಹೊರಬರುವುದನ್ನು ಮರೆಯಬಾರದು.

ಸ್ವೀಕೃತಿ ಸಂಖ್ಯೆಯನ್ನು ಯಂತ್ರದಲ್ಲಷ್ಟೇ ಇಟ್ಟುಕೊಳ್ಳದೆ ಕಾಗದದ ಮೇಲೆಯೂ ಬರೆದು, ಮನೆಯ ಇತರ ದಾಖಲೆಗಳೊಂದಿಗೆ ಕಾಯ್ದಿರಿಸುವಂತೆ ನಾಗರಿಕರಲ್ಲಿ ಕೋರಲಾಗಿದೆ.